ಸಾರಿಗೆ ಮೆಣಸಿನಕಾಯಿ ಹಾಕದ ದಿನ

ಕೆಲವು ತಿಂಗಳ ಹಿಂದೆ ಸಂಬಂಧಿಕರ ಮದುವೆಯೊಂದರ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕುಳಿತಿದ್ದ ಕಾಲೇಜು ಹುಡುಗಿಯೊಬ್ಬಳು, ಕೋಸಂಬರಿ ಬಡಿಸುತ್ತಿರುವಾಗಲೇ, "ವಾರವಾರವೂ ಇಷ್ಟೊಂದು ಸ್ವಾರಸ್ಯದ ಸಂಗತಿ ಬರೀತೀರಲ್ಲ ಸರ್, ಅವೆಲ್ಲ ಎಲ್ಲಿಂದ ಹೊಳೆಯುತ್ತವೆ ನಿಮಗೆ?" ಎಂದು ಕೇಳಿದಳು. "ಓದುತ್ತಾ ಇರಬೇಕಮ್ಮ" ಎಂದೆ. ಅವಳು ತಲೆಯಾಡಿಸಿದಳು, ಅಷ್ಟರಲ್ಲಿ ಅನ್ನ ಬಂತು, ಮಾತು ಬೇರೆ ಕಡೆ ಹೊರಳಿತು. ಆದರೆ ನಾನು ಕೊಟ್ಟ ಉತ್ತರ ಅನ್ನದೊಳಗಿನ ಕಲ್ಲಿನಂತೆ ನನ್ನ ಹಲ್ಲಿಗೇ ಸಿಕ್ಕಿತು. ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ನಾನು ಯೋಚಿಸದೆ, ಹಿರಿಯರೆಲ್ಲ ಕಿರಿಯರಿಗೆ ಹೇಳುವ ಮಾತನ್ನೇ ಹೇಳಿ ಮುಗಿಸಿದ್ದೆ.

ಮನೆಗೆ ಬಂದ ಮೇಲೆ ಹಳೆಯ ನೋಟ್‌ಬುಕ್ಕುಗಳನ್ನು ಕಪಾಟಿನಿಂದ ಇಳಿಸಿ ಕುಳಿತೆ. ಸಣ್ಣ ಟಿಪ್ಪಣಿಗಳನ್ನು ಬರೆಯಲು ತೊಡಗಿದಾಗಿನಿಂದ ವಿಷಯ ಹೊಳೆದ ಕೂಡಲೇ ಗುರುತು ಹಾಕಿಕೊಳ್ಳುವ ಅಭ್ಯಾಸ ನನಗಿದೆ. ಪುಟ ತಿರುವುತ್ತಾ ಹೋದಂತೆ ನನ್ನ ಉತ್ತರ ಎಷ್ಟು ತಪ್ಪಾಗಿತ್ತು ಎಂಬುದು ಸ್ಪಷ್ಟವಾಯಿತು. ಪುಸ್ತಕ ಓದುವಾಗ ಹೊಳೆದ ವಿಷಯಗಳು ಬೆರಳೆಣಿಕೆಯಷ್ಟಿದ್ದವು. ಉಳಿದವೆಲ್ಲ ಯಾರೋ ಆಡಿದ ಮಾತು, ಯಾರೋ ಕೇಳಿದ ಪ್ರಶ್ನೆ, ಅಂಗಡಿಯ ಕಟ್ಟೆಯ ಮೇಲೋ ಅಡುಗೆಮನೆಯಲ್ಲೋ ಕಣ್ಣಿಗೆ ಬಿದ್ದ ಒಂದು ಸಣ್ಣ ಅಸಾಂಗತ್ಯ. ಪುಸ್ತಕಗಳು ಬಂದದ್ದು ಆಮೇಲೆ, ಉತ್ತರ ಹುಡುಕುವಾಗ. ಆ ಹುಡುಗಿಗೆ ಅಂದು ಹೇಳಬೇಕಾಗಿದ್ದದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಅಜ್ಜ ತಿಳಿಯದ ಕಾಯಿ

ಎಲ್ಲಕ್ಕಿಂತ ಹಳೆಯ ನೆನಪಿನಿಂದಲೇ ಆರಂಭಿಸಬೇಕು. ನನಗಾಗ ಒಂಬತ್ತೋ ಹತ್ತೋ ವರ್ಷ. ಅಜ್ಜನ ತಿಥಿಯ ದಿನ. ಅಜ್ಜಿ ಬೆಳಗಿನ ಜಾವವೇ ಸ್ನಾನ ಮಾಡಿ, ಮಡಿಸೀರೆ ಉಟ್ಟು ಒಲೆಯ ಮುಂದೆ ಕುಳಿತಿದ್ದರು. ನಮ್ಮ ಅಜ್ಜಿಗೆ ಖಾರವೆಂದರೆ ಪ್ರಾಣ. ಬೇಸಿಗೆ ಬಂತೆಂದರೆ ಮೆಣಸಿನಕಾಯಿಯನ್ನು ಸೀಳಿ, ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಹಾಕಿ, ಮಾಳಿಗೆಯ ಮೇಲೆ ಚಾಪೆ ಹಾಸಿ ಒಣಗಿಸಿ ಬಾಳಕ ಮಾಡುತ್ತಿದ್ದರು. ಮೊಸರನ್ನಕ್ಕೆ ಎರಡು ಬಾಳಕ ಕರಿಯದೆ ಅವರು ಊಟಕ್ಕೆ ಕುಳಿತದ್ದನ್ನು ನಾನು ನೋಡಿಲ್ಲ. ಅಂಥ ಅಜ್ಜಿ, ಅಂದು ನಾನು ಒಗ್ಗರಣೆಗೆಂದು ಒಣಮೆಣಸಿನಕಾಯಿಯ ಡಬ್ಬಿಯನ್ನು ಎತ್ತಿಕೊಂಡು ಹೋದರೆ, ದೂರದಿಂದಲೇ ಕೈ ಅಡ್ಡ ಮಾಡಿ, "ಅದನ್ನ ಇಲ್ಲಿಗೆ ತರಬೇಡ, ಇವತ್ತು ಬರೀ ಕಾಳುಮೆಣಸು" ಎಂದರು.

"ಯಾಕಜ್ಜಿ?"

"ಅದು ಹಿರೀಕರಿಗೆ ಗೊತ್ತಿಲ್ಲದ್ದು ಕಣೋ."

ಇಷ್ಟು ಹೇಳಿ ಅವರು ಕಲ್ಲಿನ ಮೇಲೆ ಕಾಳುಮೆಣಸು, ಜೀರಿಗೆ ಇಟ್ಟು ಅರೆಯತೊಡಗಿದರು. ಆ ಘಾಟು ಮೂಗಿಗೆ ಏರಿ ನಾನು ಸೀನಿದೆ. ಅಂದಿನ ಸಾರು ಕೆಂಪಾಗಿರಲಿಲ್ಲ. ಮಣ್ಣಿನ ಬಣ್ಣಕ್ಕಿತ್ತು, ಖಾರ ನಾಲಿಗೆಯ ತುದಿಗೆ ತಾಗದೆ ಗಂಟಲ ಹಿಂದೆ ಹೋಗಿ ಕೂರುತ್ತಿತ್ತು. ಎಲೆಯ ಮೇಲೆ ಬಾಳೆಕಾಯಿ ಪಲ್ಯ, ಹಾಗಲಕಾಯಿ, ಉದ್ದಿನ ವಡೆ, ಎಳ್ಳುಂಡೆ ಇದ್ದವು. ಆಲೂಗಡ್ಡೆ ಇರಲಿಲ್ಲ, ಟೊಮೆಟೊ ಇರಲಿಲ್ಲ. ಮಡಿಗೆ ಬಾರದ ತರಕಾರಿಗಳೆಂದು ಅಮ್ಮ ಹೇಳಿದ್ದರು. ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ, ನನಗೂ ಸಾಕಾಗಿತ್ತು.

ಅಜ್ಜಿಯ ಮಾತು ಮತ್ತೆ ಕಿವಿಯಲ್ಲಿ ಮೊಳಗಿದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ, ಕರಾವಳಿಯ ಸ್ನೇಹಿತನೊಬ್ಬನ ಮನೆಯಲ್ಲಿ. ಅವನ ತಾಯಿ ಕೆಮ್ಮಿಗೆ ಕಷಾಯ ಮಾಡಿಕೊಡುತ್ತಾ, "ಇದಕ್ಕೆ ಒಳ್ಳೆಮೆಣಸು ಜಾಸ್ತಿ ಹಾಕಿದ್ದೇನೆ, ಬಿಸಿ ಇರುವಾಗಲೇ ಕುಡಿಯಿರಿ" ಎಂದರು. ಒಳ್ಳೆಮೆಣಸು ಎಂದರೆ ಕಾಳುಮೆಣಸು. ಅಲ್ಲಿ ಬರಿಯ ಮೆಣಸು ಎಂದರೆ ಮೆಣಸಿನಕಾಯಿ. ತುಳುವಿನಲ್ಲಿಯೂ ಹಾಗೆಯೇ: ಮುಂಚಿ ಎಂದರೆ ಮೆಣಸಿನಕಾಯಿ, ಎಡ್ಡೆ ಮುಂಚಿ, ಅಂದರೆ ಒಳ್ಳೆಯ ಮುಂಚಿ, ಕಾಳುಮೆಣಸು. ಕಷಾಯದ ಲೋಟ ಕೈಯಲ್ಲಿ ಹಿಡಿದುಕೊಂಡೇ ನಾನು ಯೋಚಿಸತೊಡಗಿದೆ. ಒಂದು ಒಳ್ಳೆಯದಾದರೆ ಇನ್ನೊಂದು ಏನು? ಮೆಣಸಿನಕಾಯಿ ಎಂಬ ಹೆಸರಿನೊಳಗೆ ಮೆಣಸು ಏಕಿದೆ? ಆ ಬಳ್ಳಿಗೂ ಈ ಗಿಡಕ್ಕೂ ಸಂಬಂಧವೇ ಇಲ್ಲವಲ್ಲ?

ಉತ್ತರ ಹುಡುಕುವುದು ಕಷ್ಟವಾಗಲಿಲ್ಲ. ಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಅಂಥ ಸಂಬಾರ ಪದಾರ್ಥಗಳನ್ನು ಅರಸಿಕೊಂಡೇ 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಲ್ಲಿಕೋಟೆಯ ಬಳಿಗೆ ಬಂದವು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರ ಮೂಲಕ ಅದು ನಮ್ಮ ನೆಲಕ್ಕೆ ಇಳಿದದ್ದು 16ನೆಯ ಶತಮಾನದಲ್ಲಿ. ಹೊಸದಾಗಿ ಬಂದ ಕಾಯಿಗೆ ಇಲ್ಲಿ ಹೆಸರಿರಲಿಲ್ಲ. ಮೆಣಸಿನ ಹಾಗೆಯೇ ಖಾರವಾಗಿತ್ತು, ಆದ್ದರಿಂದ ಮೆಣಸಿನ ಕಾಯಿ ಆಯಿತು. ಬೆಳೆಯುವುದು ಸುಲಭ, ಬೆಲೆ ಕಡಿಮೆ, ಖಾರ ಹೆಚ್ಚು. ಹೀಗಾಗಿ ಬಂದವನೇ ಮನೆಯ ಯಜಮಾನನಾದ. ಹಳೆಯ ಮೆಣಸು ತನ್ನದೇ ಹೆಸರನ್ನು ಬಿಟ್ಟುಕೊಟ್ಟು, ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ತಗುಲಿಸಿಕೊಂಡು ಬದುಕಬೇಕಾಯಿತು. ಅಮೆರಿಕದಿಂದ ಬಂದ ಆ ಕಾಯಿಯ ಒಂದು ತಳಿಗೆ ನಮ್ಮ ಹಾವೇರಿ ಜಿಲ್ಲೆಯ ಊರೊಂದರ ಹೆಸರೇ ನಿಂತಿತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ದೊರೆಯಿತು. ಇಷ್ಟಾದರೂ ಅಜ್ಜಿಯ ತಿಥಿಯ ಒಲೆಯ ಬಳಿಗೆ ಅದಕ್ಕೆ ಪ್ರವೇಶವಿರಲಿಲ್ಲ. "ಹಿರೀಕರಿಗೆ ಗೊತ್ತಿಲ್ಲದ್ದು" ಎಂಬ ಅವರ ಮಾತು, ಅವರಿಗೇ ಅರಿವಿಲ್ಲದೆ, ಇತಿಹಾಸದ ಒಂದು ಪುಟದಷ್ಟು ನಿಖರವಾಗಿತ್ತು.

ನನ್ನ ಮೊದಲ ಟಿಪ್ಪಣಿ ಹುಟ್ಟಿದ್ದು ಅಲ್ಲಿ. ಎರಡು ಅಡುಗೆಮನೆಗಳು, ಇಬ್ಬರು ಹೆಂಗಸರು ಸಹಜವಾಗಿ ಆಡಿದ ಎರಡು ಮಾತುಗಳು, ನಡುವೆ ಇಪ್ಪತ್ತು ವರ್ಷ. ಇದರಲ್ಲಿ ನಾನು ಮಾಡಿದ ಕೆಲಸವೆಂದರೆ ಆ ಎರಡು ಮಾತುಗಳನ್ನು ಮರೆಯದೆ ಇದ್ದದ್ದು.

ಹೆಸರೂ ವಸ್ತುವೂ ಹೊಂದದ ಕಡೆ

ಅಂದಿನಿಂದ ನನ್ನ ಕಿವಿ ಒಂದು ಬಗೆಯ ಮಾತಿಗೆ ಹೊಂದಿಕೊಂಡಿತು. ಹೆಸರು ಒಂದು ಹೇಳುತ್ತದೆ, ವಸ್ತು ಇನ್ನೊಂದಾಗಿರುತ್ತದೆ. ಅಥವಾ ವಸ್ತು ಹೋಗಿಯೇ ಬಿಟ್ಟಿರುತ್ತದೆ, ಮಾತು ಮಾತ್ರ ಉಳಿದಿರುತ್ತದೆ. ಸ್ವಾರಸ್ಯ ಇರುವುದು ಬಹುಮಟ್ಟಿಗೆ ಈ ಸಂದಿನಲ್ಲಿ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹುಣಸೆ ಎಂದು ದಿನವೂ ಹೇಳುತ್ತೇವೆ. ಯಾವ ಸೀಮೆ ಎಂದು ಕೇಳಿಕೊಂಡರೆ, ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮವರು ಅಂಟಿಸಿದ ಚೀಟಿ ಅದು ಎಂದು ಹೊಳೆಯುತ್ತದೆ. ಪಪ್ಪಾಯಿಯನ್ನು ಪರಂಗಿ ಹಣ್ಣು, ಅಂದರೆ ಪರದೇಶಿಯರ ಹಣ್ಣು, ಎನ್ನುವ ಊರುಗಳಲ್ಲಿ ಆ ಹಣ್ಣಿನ ಹೆಸರೇ ಅದರ ಪ್ರಯಾಣದ ಕಥೆ. ಬೆಳದಿಂಗಳನ್ನು ಬಿಡಿಸಿ ನೋಡಿದರೆ ಬಿಳಿಯ ತಿಂಗಳು. ನಾವು ಸಂಬಳ ಎಣಿಸುವ ತಿಂಗಳೂ ಆಕಾಶದ ಆ ಚಂದ್ರನೇ.

ಇದೇ ಜಾತಿಯ ಇನ್ನೊಂದು ಮಾತು ಸಿಕ್ಕಿದ್ದು ಬಸ್ಸಿನಲ್ಲಿ. ಜಮೀನಿನ ವ್ಯಾಜ್ಯದ ಬಗ್ಗೆ ಮಾತನಾಡುತ್ತಿದ್ದ ಇಬ್ಬರಲ್ಲಿ ಒಬ್ಬರು, ಮೂವತ್ತು ದಾಟಿರದ ಯುವಕ, "ನಾನು ಹೇಳೋದು ಹದಿನಾರಾಣೆ ಸತ್ಯ" ಎಂದ. ಆಣೆಯನ್ನು ಅವನು ಕಂಡಿರಲಾರ. ಅವನ ತಂದೆ ಕಂಡಿದ್ದರೂ ಎಳೆವಯಸ್ಸಿನಲ್ಲಿ. ರೂಪಾಯಿಗೆ ಹದಿನಾರು ಆಣೆಯ ಲೆಕ್ಕ 1957ರ ಏಪ್ರಿಲ್ 1ರಂದು ಹೋಗಿ ನೂರು ನಯಾಪೈಸೆಯ ಲೆಕ್ಕ ಬಂತು. ಆದರೂ ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆ ಎಂದೇ ಕರೆದೆವು, ಐವತ್ತು ಪೈಸೆಯನ್ನು ಎಂಟಾಣೆ ಎಂದೆವು. 2011ರ ಜೂನ್ 30ರ ನಂತರ ಇಪ್ಪತ್ತೈದು ಪೈಸೆಯ ನಾಣ್ಯವೂ ಚಲಾವಣೆಯಿಂದ ಹೋಯಿತು. ಸತ್ಯವನ್ನು ಅಳೆಯಲು ಮಾತ್ರ ಇಂದಿಗೂ ಪೂರ್ತಿ ಹದಿನಾರು ಆಣೆ ಬೇಕು, ನೂರು ಪೈಸೆ ಸಾಲದು. ಬಸ್ಸು ನಿಲ್ಲುವ ಮೊದಲೇ ನಾನು ಟಿಕೆಟ್ಟಿನ ಹಿಂಬದಿಯಲ್ಲಿ ಆ ವಾಕ್ಯವನ್ನು ಗೀಚಿಕೊಂಡಿದ್ದೆ.

ಬರೆದುಕೊಳ್ಳುವ ಬಗೆಯ ಕುರಿತು ಒಂದು ಮಾತು. ನಾನು ಕೇಳಿದ ವಾಕ್ಯವನ್ನು ಆಡಿದ ಹಾಗೆಯೇ ಬರೆದುಕೊಳ್ಳುತ್ತೇನೆ, ಕೆಳಗೆ ತಾರೀಖು ಹಾಕುತ್ತೇನೆ. ಉತ್ತರ ಆಗಲೇ ಗೊತ್ತಿದ್ದರೂ ಬರೆಯುವುದಿಲ್ಲ. ಉತ್ತರ ಬರೆದಿಟ್ಟ ಟಿಪ್ಪಣಿಯನ್ನು ತಿಂಗಳು ಬಿಟ್ಟು ತೆರೆದರೆ ಅದು ಮುಗಿದ ವ್ಯವಹಾರದಂತೆ ತಣ್ಣಗಿರುತ್ತದೆ. ಬರಿಯ ಮಾತನ್ನು ಬರೆದಿಟ್ಟಿದ್ದರೆ ಆಡಿದವರ ದನಿ, ಆ ಹೊತ್ತಿನ ಬಿಸಿಲು, ನನ್ನ ಅಚ್ಚರಿ ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ.

ಚಾಪೆಯ ಮೇಲಿನ ನಾಲ್ಕು ರಾಶಿ

ಮಾತಿನಲ್ಲಿ ಮಾತ್ರವಲ್ಲ, ದಿನವೂ ಕೈಯಾಡಿಸುವ ವಸ್ತುಗಳಲ್ಲಿಯೂ ಇಂಥದ್ದು ಕಾದಿರುತ್ತದೆ ಎಂದು ನನಗೆ ಕಲಿಸಿದವಳು ಅಣ್ಣನ ಮಗಳು. ಅವಳಿಗಾಗ ಏಳು ವರ್ಷ. ಜಾತ್ರೆಯಲ್ಲಿ ಕೊಂಡ ಮಣ್ಣಿನ ಹುಂಡಿ ತುಂಬಿತ್ತು. ಒಂದು ಭಾನುವಾರ ಮಧ್ಯಾಹ್ನ ಅದನ್ನು ಒಡೆದು, ನಡುಮನೆಯಲ್ಲಿ ಚಾಪೆಯ ಮೇಲೆ ನಾಣ್ಯಗಳನ್ನು ಸುರಿದುಕೊಂಡಿದ್ದಳು. ನಾನು ಒಂದರ, ಎರಡರ, ಐದರ ನಾಣ್ಯಗಳನ್ನು ಬೇರೆ ಮಾಡುತ್ತಿದ್ದೆ. ಅವಳಿಗೆ ಮೊತ್ತದ ಕಡೆ ಗಮನವಿರಲಿಲ್ಲ. ತಾನು ಹುಟ್ಟಿದ ಇಸವಿಯ ನಾಣ್ಯಗಳನ್ನು ಹುಡುಕುತ್ತಿದ್ದಳು. ಒಂದು ನಾಣ್ಯವನ್ನು ಮೂಗಿನ ಹತ್ತಿರ ಹಿಡಿದು, "ಚಿಕ್ಕಪ್ಪ, ಇಸವಿ ಕೆಳಗೆ ಚುಕ್ಕಿ ಯಾಕಿದೆ? ಇದರಲ್ಲಿ ನೋಡು, ನಕ್ಷತ್ರ ಇದೆ" ಎಂದಳು.

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ನಿಜ. ಸಾಸಿವೆ ಕಾಳಿನಷ್ಟು ಸಣ್ಣ ನಕ್ಷತ್ರ, ಐದು ಮೂಲೆಯದು, ಒಂದೆರಡು ಮೂಲೆ ಸವೆದಿದ್ದವು. ಇನ್ನೊಂದರಲ್ಲಿ ಗುಂಡಗಿನ ಚುಕ್ಕಿ. ಮತ್ತೊಂದರಲ್ಲಿ ವಜ್ರದ ಆಕಾರದ ಗುರುತು. ಹಾಲಿನವರಿಗೆ, ಹೂವಿನವರಿಗೆ, ಕಂಡಕ್ಟರಿಗೆ ದಶಕಗಳಿಂದ ಎಣಿಸಿ ಕೊಟ್ಟ ಅದೇ ನಾಣ್ಯಗಳು. ಒಮ್ಮೆಯೂ ನನ್ನ ಕಣ್ಣು ಅಲ್ಲಿಗೆ ಹೋಗಿರಲಿಲ್ಲ. ಬೆಲೆಯನ್ನು ನೋಡುವವನಿಗೆ ನಾಣ್ಯ ಕಾಣುವುದಿಲ್ಲ ಎಂದು ಆ ಕ್ಷಣ ನನಗೆ ಬಲವಾಗಿ ಅನಿಸಿತು.

ಅವು ಟಂಕಸಾಲೆಯ ಗುರುತುಗಳು. ನಕ್ಷತ್ರವಿದ್ದರೆ ಹೈದರಾಬಾದಿನಲ್ಲಿ ಅಚ್ಚಾದದ್ದು, ವಜ್ರವಿದ್ದರೆ ಮುಂಬೈಯದು, ಗುಂಡು ಚುಕ್ಕಿಯಿದ್ದರೆ ನೋಯ್ಡಾದ್ದು. ಇದನ್ನು ತಿಳಿದುಕೊಂಡು ಅವಳಿಗೆ ಹೇಳಿದ ಮೇಲೆ ನಾನು ಮಾಡಿದ್ದ ರಾಶಿಗಳನ್ನೆಲ್ಲ ಅವಳು ಕೆಡವಿಬಿಟ್ಟಳು. ಊರಿಗೊಂದರಂತೆ ಹೊಸ ರಾಶಿಗಳು ಎದ್ದವು. ಕೊನೆಗೆ ಯಾವ ಗುರುತೂ ಇಲ್ಲದ ನಾಣ್ಯಗಳು ಒಂದಷ್ಟು ಉಳಿದವು. "ಇವು ಯಾವ ಊರಿನವು?" ಎಂದು ಕೇಳಿದಳು. ಅವು ಕೋಲ್ಕತ್ತದವು, ಅಲ್ಲಿನ ಟಂಕಸಾಲೆ ಗುರುತು ಹಾಕುವುದಿಲ್ಲ, ಗುರುತಿಲ್ಲದಿರುವುದೇ ಅದರ ಗುರುತು. ನಾಲ್ಕನೆಯ ರಾಶಿ ಎದ್ದಿತು. ಸಂಜೆಯವರೆಗೂ ಚಾಪೆಯ ಮೇಲೆ ನಾಲ್ಕು ಊರುಗಳು ಹಾಗೆಯೇ ಇದ್ದವು, ದೀಪ ಹಚ್ಚುವ ಹೊತ್ತಿಗೆ ಅತ್ತಿಗೆ ಬಂದು ಎತ್ತಿಡಿಸಿದರು. ಹುಂಡಿಯಲ್ಲಿ ಒಟ್ಟು ಎಷ್ಟಿತ್ತೆಂದು ನಾವಿಬ್ಬರೂ ಎಣಿಸಲೇ ಇಲ್ಲ.

ಆಮೇಲೆ ಕೆಲವು ದಿನ ನನಗೆ ಅದೇ ಗುಂಗು. ಐವತ್ತು ರೂಪಾಯಿಯ ನೀಲಿ ನೋಟು ಕೈಗೆ ಬಂದರೆ ಹಿಂಬದಿಯ ಹಂಪೆಯ ಕಲ್ಲಿನ ರಥವನ್ನು ನೋಡುತ್ತಿದ್ದೆ. ಭಾಷೆಗಳ ಪಟ್ಟಿಯಲ್ಲಿ ಹದಿನೈದು ಸಾಲುಗಳ ನಡುವೆ ಕನ್ನಡ ನಾಲ್ಕನೆಯದಾಗಿ ಇರುವುದನ್ನು ಎಣಿಸುತ್ತಿದ್ದೆ. ಅಸ್ಸಾಮಿ, ಬಂಗಾಳಿ, ಗುಜರಾತಿಗಳ ನಂತರ ಕನ್ನಡ; ಇಂಗ್ಲಿಷಿನ ಅಕಾರಾದಿ ಕ್ರಮ ಅದು. ಮತದಾನದ ಸರದಿಯಲ್ಲಿ ನಿಂತಾಗ ಮುಂದಿದ್ದ ಹೆಂಗಸೊಬ್ಬರು ಬೆರಳನ್ನು ತಿರುಗಿಸಿ ನೋಡಿಕೊಳ್ಳುತ್ತಾ, "ಹಾಕುವಾಗ ತೆಳ್ಳಗಿತ್ತು, ಹೊರಗೆ ಬಂದ್ರೆ ಕಪ್ಪಾಯ್ತು ನೋಡಿ" ಎಂದರು. ಎಷ್ಟು ಸರಿಯಾದ ಗಮನಿಕೆ ಅದು! ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನೊಂದಿಗೆ ಸೇರಿ, ಬೆಳಕು ತಾಗಿದಂತೆ ಕಪ್ಪಾಗುತ್ತದೆ, ಉಗುರಿನ ಮೇಲಿನದು ಉಗುರು ಬೆಳೆದು ಹೋಗುವವರೆಗೂ ಉಳಿಯುತ್ತದೆ. 1962ರ ಮಹಾಚುನಾವಣೆಯಿಂದ ಅದನ್ನು ತಯಾರಿಸಿ ಕೊಡುತ್ತಿರುವುದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಅರಗಿನ ಕಾರ್ಖಾನೆಯಾಗಿ ಆರಂಭವಾದ ಸಂಸ್ಥೆ. ಮೈಸೂರಿನ ಶಾಯಿ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯವೇ. ಹೊರಗೆ ಬಂದರೆ ಕಪ್ಪಾಯಿತು ಎಂಬ ಆ ಹೆಂಗಸಿನ ಮಾತಿನಿಂದಾಗಿ ಅದು ನನ್ನ ಟಿಪ್ಪಣಿಯಾಯಿತು.

ಬೇಗೂರಿನ ಕಲ್ಲು

ಇನ್ನು ನೋವಿನ ಒಂದು ಸಂಗತಿಯನ್ನೂ ಹೇಳಬೇಕು, ಏಕೆಂದರೆ ಪ್ರೇರಣೆ ಎಂದು ನಾವು ಕರೆಯುವುದು ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಬರೆಯಲು ತೊಡಗಿದ ಹೊಸತರಲ್ಲಿ ನಾನು ಬೆಂಗಳೂರಿನ ಹೆಸರಿನ ಬಗ್ಗೆ ಬರೆದೆ. ಹೊಯ್ಸಳರ ವೀರಬಲ್ಲಾಳ, ಬೇಟೆ, ಹಸಿವು, ಮುದುಕಿ ಕೊಟ್ಟ ಬೆಂದ ಕಾಳು, ಬೆಂದಕಾಳೂರು. ಚಿಕ್ಕಂದಿನಿಂದ ಕೇಳಿದ ಕಥೆ, ಮೆಣಸಿನಕಾಯಿಯ ಹಾಗೆ ಇದೂ ಹೆಸರನ್ನು ಬಿಡಿಸಿದರೆ ಸಿಗುವ ಸ್ವಾರಸ್ಯ. ಹಲವರು ಮೆಚ್ಚಿದರು. ನಿವೃತ್ತ ಮೇಷ್ಟರೊಬ್ಬರು ಮಾತ್ರ ಎದುರಾದಾಗ ನಿಲ್ಲಿಸಿ, "ಬರವಣಿಗೆ ಚೆನ್ನಾಗಿದೆ. ಬಿಡುವಾದಾಗ ಒಂದು ಸಲ ಬೇಗೂರಿಗೆ ಹೋಗಿಬನ್ನಿ" ಎಂದಷ್ಟೇ ಹೇಳಿದರು.

ಹೋದೆ. ಈಗ ಬೆಂಗಳೂರಿನದೇ ಭಾಗವಾಗಿರುವ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂದು ವೀರಗಲ್ಲು. ಹಳಗನ್ನಡದ ಸಾಲುಗಳು, ನನಗೆ ಓದಲು ಬಾರದು, ಜೊತೆಗೆ ಒಯ್ದಿದ್ದ ಪಾಠದ ಪ್ರತಿಯನ್ನು ಹಿಡಿದು ಅಕ್ಷರ ಅಕ್ಷರ ಹುಡುಕಿದೆ. 'ಬೆಂಗಳೂರು' ಇತ್ತು. ಬೆಂಗಳೂರ ಕಾಳಗದಲ್ಲಿ ಸತ್ತವನೊಬ್ಬನನ್ನು ನೆನೆಯುವ ಶಾಸನ ಅದು. ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದ್ದು. ಕಥೆಯ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಅಂದರೆ ಕಾಳು ಬೇಯುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು, ಆ ಹೆಸರಿನ ಊರಿನಲ್ಲಿ ಹೋರಾಡಿ ಸತ್ತವರಿದ್ದರು. ಕಲ್ಲಿನ ಮುಂದೆ ನಿಂತಾಗ ನನಗಾದ ಸಂಕಟವನ್ನು ಈಗಲೂ ನೆನೆಯಬಲ್ಲೆ. ನಾನು ಬರೆದ ಸುಳ್ಳು ದೊಡ್ಡದಲ್ಲವೆಂದು ಯಾರಾದರೂ ಸಮಾಧಾನ ಹೇಳಬಹುದು. ಆದರೆ ಸಣ್ಣ ಸಂಗತಿಗಳನ್ನು ಬರೆಯುವವನ ಬಳಿ ನಿಜವೊಂದನ್ನು ಬಿಟ್ಟರೆ ಬೇರೆ ಯಾವ ಬಂಡವಾಳವಿದೆ? ಮುಂದಿನ ವಾರ ತಪ್ಪನ್ನು ಒಪ್ಪಿಕೊಂಡು ಕಲ್ಲಿನ ಬಗ್ಗೆಯೇ ಬರೆದೆ. ಬೆಂದ ಕಾಳಿನ ಕಥೆಗಿಂತ ಆ ಕಲ್ಲಿನ ನಿಜ ಎಷ್ಟೋ ಪಾಲು ಹೆಚ್ಚು ರೋಮಾಂಚಕಾರಿ ಎಂದು ಬರೆಯುತ್ತಿರುವಾಗಲೇ ನನಗೆ ಮನದಟ್ಟಾಯಿತು.

ಈ ಪಾಠವನ್ನು ನಾನು ಅಜ್ಜಿಯ ಮಾತಿಗೂ ಅನ್ವಯಿಸಬೇಕಾಯಿತು. ತಿಥಿಯ ಅಡುಗೆಯೆಂದರೆ ಪೋರ್ಚುಗೀಸರು ಬರುವ ಮೊದಲಿನ ನಮ್ಮ ಅಡುಗೆಯ ಅಚ್ಚಳಿಯದ ದಾಖಲೆ ಎಂದು ಬರೆಯಲು ಕೈ ತುಡಿಯುತ್ತಿತ್ತು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಮೂರೂ ಅಮೆರಿಕದವು, ಮೂರೂ ನಮ್ಮ ತಿಥಿಗೆ ಆಗದವು. ಲೆಕ್ಕ ಚೊಕ್ಕವಾಗಿ ಕೂರುತ್ತದೆ. ಆದರೆ ಅಮ್ಮನನ್ನು ಕೂರಿಸಿಕೊಂಡು ಪೂರ್ತಿ ಪಟ್ಟಿ ಬರೆಸಿದಾಗ ಅದು ಒಡೆಯಿತು. ನಮ್ಮ ಮನೆಯ ತಿಥಿಗೆ ಸಿಹಿಗುಂಬಳ ಆಗುತ್ತದೆ, ಗೆಣಸು ಆಗುತ್ತದೆ. ಎರಡೂ ಅಮೆರಿಕದಿಂದಲೇ ಬಂದವು. ಬೂದುಗುಂಬಳ ಮೊದಲೇ ಇಲ್ಲಿತ್ತು. ಹೊಸದಕ್ಕೆ ಅದರ ಹೆಸರಿನ ಪಾಲು ಸಿಕ್ಕಿ ಅದು ಸಿಹಿಗುಂಬಳವಾಯಿತು. ಗೆಣಸು ಎಂಬುದು ನೆಲದೊಳಗಿನ ಗೆಡ್ಡೆಗಳಿಗೆ ಇದ್ದ ಹಳೆಯ ಮಾತು. ಹಳೆಯ ಹೆಸರು ಹೊತ್ತು ಬಂದದ್ದರಿಂದಲೇ ಅವು ಒಲೆಯವರೆಗೆ ಬಂದವೇನೋ ಎಂಬುದು ನನ್ನ ಊಹೆ. ಆದರೆ ಮೆಣಸಿನಕಾಯಿಯೂ ಹಳೆಯ ಹೆಸರನ್ನೇ ಹೊತ್ತಿತ್ತಲ್ಲ! ಇತ್ತ ಆಗದ ತರಕಾರಿಯಾದ ಎಲೆಕೋಸು ಅಮೆರಿಕದ್ದಲ್ಲ, ಯುರೋಪಿನದು. ಹೀಗೆ ನನ್ನ ಚೊಕ್ಕ ಲೆಕ್ಕ ಎರಡೂ ಕಡೆಯಿಂದ ಸಡಿಲವಾಯಿತು. ಆ ಟಿಪ್ಪಣಿಯನ್ನು ನಾನು ಸಿಹಿಗುಂಬಳದೊಂದಿಗೇ ಪ್ರಕಟಿಸಿದೆ. ಒಂದೆರಡು ಮನೆಗಳವರು ತಮ್ಮಲ್ಲಿ ಅದೂ ಆಗದೆಂದು ತಿಳಿಸಿದರು. ಪ್ರತಿಯೊಂದು ಮನೆಯ ಒಲೆಗೂ ಅದರದೇ ನೆನಪಿನ ಪಟ್ಟಿಯಿದೆ.

ಈ ವರ್ಷದ ತಿಥಿ

ಅಜ್ಜಿ ಹೋಗಿ ಈಗ ಬಹಳ ವರ್ಷಗಳಾದವು. ಮೊನ್ನೆ ಅವರ ತಿಥಿ. ಅಮ್ಮ ಅದೇ ಕಲ್ಲಿನ ಮೇಲೆ ಕಾಳುಮೆಣಸು ಅರೆದರು. ಮಿಕ್ಸಿಯನ್ನು ಅಂದು ಮುಟ್ಟುವುದಿಲ್ಲ. ಹುಂಡಿ ಒಡೆದ ಹುಡುಗಿಗೆ ಈಗ ಹದಿಮೂರು ವರ್ಷ, ಎಲೆ ಒರೆಸಿಕೊಡುತ್ತಾ ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದಳು. ಸಾರಿನ ಬಣ್ಣವೇಕೆ ಹೀಗಿದೆ ಎಂದು ಕೇಳಿದಳು. ನನಗೆ ಸಿದ್ಧವಾಗಿದ್ದ ವಿಷಯ. ಅಜ್ಜಿ ಹೇಳಿದ್ದನ್ನು, ಹಡಗಿನ ಕಥೆಯನ್ನು, ಒಳ್ಳೆಮೆಣಸಿನ ಕಥೆಯನ್ನು ಹೇಳಿದೆ. ಹಿರೀಕರಿಗೆ ಮೆಣಸಿನಕಾಯಿ ಗೊತ್ತಿರಲಿಲ್ಲ, ಅದಕ್ಕೆ ಹಾಕುವುದಿಲ್ಲ ಎಂದೆ. ಅವಳು ಎಲೆ ಒರೆಸುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದಳು.

"ಆದ್ರೆ ಚಿಕ್ಕಪ್ಪ, ಇವತ್ತು ದೊಡ್ಡಜ್ಜಿಯ ತಿಥಿ ಅಲ್ವಾ? ಅವರಿಗೆ ಮೆಣಸಿನಕಾಯಿ ಗೊತ್ತಿತ್ತಲ್ಲ. ಬಾಳಕ ಇಲ್ಲದೆ ಊಟನೇ ಮಾಡ್ತಿರಲಿಲ್ಲ ಅಂತ ನೀನೇ ಹೇಳಿದ್ಯಲ್ಲ?"

ಅಮ್ಮನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯ ಮೇಲೆ ಹಾಗೆಯೇ ನಿಂತಿತು. ಅವರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಹೊರಗೆ ಪುರೋಹಿತರು ಎಲೆ ಹಾಕಬಹುದೆಂದು ಕೂಗಿ ಹೇಳಿದರು. ಅಮ್ಮ ಸಾರನ್ನು ಕೆಳಗಿಳಿಸಿದರು. ನಾನು ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಅವಳು ಆಡಿದ ಹಾಗೆಯೇ ಆ ಮಾತನ್ನು ಬರೆದುಕೊಂಡೆ, ಕೆಳಗೆ ತಾರೀಖು ಹಾಕಿದೆ.